ತಾಟೆಯ ಹೊಟ್ಟೆಯಲ್ಲಿದ್ದ ಊಟ

ಅತ್ತೆ,

ತೀರ್ಥರೂಪ, ಶಿರಸಾಷ್ಟಾಂಗ ಎಂದೆಲ್ಲ ಬರೆದರೆ ನೀವು ನಗುತ್ತೀರಿ. ಅದಕ್ಕೇ ಬರೀ ಅತ್ತೆ. ನಿಮ್ಮ ಮಗಳು ರಶ್ಮಿ ಹೆತ್ತಿದ್ದಾಳೆ. ಹೆಣ್ಣುಮಗು. ಬಾಣಂತನ ಕಾಂದಿವಲಿಯ ನಮ್ಮ ಮನೆಯಲ್ಲೇ, ನೀವು ಮಲಗುತ್ತಿದ್ದ ಕೋಣೆಯಲ್ಲಿ. ಮಾಡುತ್ತಿರುವವಳು ನಾನು. ನೀವಿಲ್ಲದ ಮೇಲೆ ಇನ್ಯಾರು...

ನನ್ನ ಕೆಲಸ ಏನೆಂದು ಮೊದಲ ಸಲ ಹೇಳಿದಾಗ ನಿಮ್ಮ ಮುಖ ನೋಡಬೇಕಿತ್ತು! ಮುಲುಂಡಿನಲ್ಲಿ ನೆಲೆಸಿದ, ಮೈಸೂರು ಕಡೆಯ ಸಸ್ಯಾಹಾರಿ ಮನೆಯ ಹುಡುಗಿ. ದಿನವಿಡೀ ಲ್ಯಾಬಿನಲ್ಲಿ ಕೂತು ಸಣ್ಣ ಶಾರ್ಕುಗಳ, ಅಂದರೆ ನಿಮ್ಮ ತಾಟೆಗಳ, ಹೊಟ್ಟೆ ಸೀಳಿ ಅವು ಏನು ತಿಂದಿವೆ ಎಂದು ನೋಡುವವಳು. "ಮೀನಿನ ಹೊಟ್ಟೆಯೊಳಗಿನ ಮೀನಿನ ಹೆಸರೂ ಗೊತ್ತುಂಟು ಇವಳಿಗೆ. ರುಚಿ ಮಾತ್ರ ಗೊತ್ತಿಲ್ಲ," ಎಂದು ಬಿಲ್ಡಿಂಗಿಗೆಲ್ಲ ಹೇಳಿಕೊಂಡು ಬಂದಿರಿ. ಉಡುಪಿ ಕಡೆಯ ನಿಮಗೆ ಅದು ದೊಡ್ಡ ತಮಾಷೆಯಾಗಿತ್ತು.

ಆ ಫ್ರೀಜರಿನ ಸಂಗತಿ ನೆನಪಿದೆಯೇ? ಲ್ಯಾಬಿಗೆ ರಜೆ ಇದ್ದುದರಿಂದ ಬಂದರಿನಿಂದ ತಂದ ತಾಟೆಗಳನ್ನು ಮನೆಯಲ್ಲೇ ಇಟ್ಟಿದ್ದೆ. ಬೆಳಿಗ್ಗೆ ಏಳುವಾಗ ಮನೆಯೆಲ್ಲ ಸಾರಿನ ವಾಸನೆ. ನಾನು ಕಿರುಚಿಕೊಂಡೆ. ನೀವು ಶಾಂತವಾಗಿ ಒಂದು ಸ್ಟೀಲ್ ಡಬ್ಬಿ ತಂದು ಮುಂದಿಟ್ಟಿರಿ. "ಎಂಥ ಬೊಬ್ಬೆ ಹಾಕ್ತಿ ಮಾರಾಯ್ತಿ? ನಿಂಗೆ ಹೊಟ್ಟೆ ಅಲ್ವಾ ಬೇಕಾದ್ದು? ಎಲ್ಲ ತೆಗ್ದಿಟ್ಟಿದ್ದೇನೆ." ಮೈ ಅಳೆಯದೆ, ತೂಗದೆ, ಬರೀ ಹೊಟ್ಟೆ ಇಟ್ಟುಕೊಂಡು ನಾನೇನು ಮಾಡಲಿ? ಆದರೂ ಡೈನಿಂಗ್ ಟೇಬಲ್ಲಿನ ಮೇಲೆ ಪೇಪರ್ ಹಾಸಿ ಇಬ್ಬರೂ ಕೂತೆವು. ಒಂದರಲ್ಲಿ ಜವಳಾ ಎನ್ನುವ ಪುಟ್ಟ ಸಿಗಡಿಗಳು, ಇನ್ನೊಂದರಲ್ಲಿ ಅರ್ಧ ಕರಗಿದ ಬೊಂಬಿಲ್ ಮೀನು, ಮತ್ತೊಂದರಲ್ಲಿ ಮಾಂದೇಲಿ ಎನ್ನುವ ಸಣ್ಣ ಮೀನಿನ ಮುಳ್ಳು. "ಅಯ್ಯೋ, ಇದು ನಮ್ಮದೇ ಊಟ!" ಎಂದಿರಿ. ಇವನ್ನೆಲ್ಲ ತಾಟೆ ತಿನ್ನುತ್ತದೆ, ತಾಟೆಯನ್ನು ಅದಕ್ಕಿಂತ ದೊಡ್ಡ ಮೀನು ತಿನ್ನುತ್ತದೆ, ನಡುವಿನದು ಇಲ್ಲವಾದರೆ ಮೇಲೂ ಕೆಳಗೂ ಎಲ್ಲ ಏರುಪೇರಾಗುತ್ತದೆ ಎಂದು ವಿವರಿಸಿದೆ. "ಮನೆಯಲ್ಲಿ ಹೆಂಗಸರ ಹಾಗೆ," ಎಂದು ನೀವು ಕೈ ತೊಳೆಯಲು ಎದ್ದಿರಿ.

ನನ್ನ ಬಾಣಂತನದಲ್ಲಿ ನೀವು ತಾಟೆಯ ಮಾತೇ ಎತ್ತಲಿಲ್ಲ. ತಾಟೆ ಸಾರು ಉಂಡರೆ ಬಾಣಂತಿಗೆ ಹಾಲು ಹೆಚ್ಚುತ್ತದೆ ಎಂದು ನಂಬಿದವರು ನೀವು. ನಿಮ್ಮ ಅಮ್ಮ ನಿಮಗೆ ಅದನ್ನೇ ಕೊಟ್ಟಿದ್ದರಂತೆ. ನನಗಾಗಿ ಮಾತ್ರ ಮುಲುಂಡಿಗೆ ಫೋನು ಮಾಡಿ, ನನ್ನ ಅಮ್ಮನಿಂದ ಸಬ್ಬಸಿಗೆ ಸೊಪ್ಪಿನ ಪಲ್ಯ, ಮೆಂತೆ ಗಂಜಿ ಕಲಿತಿರಿ. ವಾಸನೆ ನನಗಾಗದೆಂದು ಬಾಣಂತನ ಮುಗಿಯುವವರೆಗೆ ಮನೆಗೆ ಮೀನೇ ತರಲಿಲ್ಲ. ಮೀನಿಲ್ಲದೆ ಅನ್ನ ಇಳಿಯದ ನೀವು! ಆಗ ನನಗೆ ನನ್ನಮ್ಮನಿಗಿಂತ ನೀವೇ ಹತ್ತಿರದವರು ಎನಿಸಿತ್ತು.

ಮೊನ್ನೆ ಮಗು ಅಳು ನಿಲ್ಲಿಸಲೇ ಇಲ್ಲ. ರಶ್ಮಿಗೆ ಹಾಲು ಇನ್ನೂ ಸರಿಯಾಗಿ ಇಳಿದಿರಲಿಲ್ಲ. ಗಾಬರಿಯಾಗಬೇಡಿ, ಕುಡಿಸುತ್ತಾ ಇರಿ, ಬರುತ್ತದೆ ಎಂದಿದ್ದರು ಡಾಕ್ಟರು. ಅವಳಿಗೆ ಅದು ಸಮಾಧಾನವಾಗಲಿಲ್ಲ. "ಅತ್ತಿಗೆ, ನಂಗೆ ಅಮ್ಮನ ತಾಟೆ ಸಾರು ಬೇಕು. ಬಸ್, ಅದೊಂದೇ. ಅಮ್ಮ ಇದ್ದಿದ್ರೆ ನಿನ್ನೆನೇ ಮಾಡ್ತಿದ್ರು ನಾ?" ಎಂದು ಅತ್ತಳು. ಅವಳಿಗೆ ಬೇಕಾಗಿದ್ದದ್ದು ಸಾರೋ, ನೀವೋ?

ಮರುದಿನ ಬೆಳಿಗ್ಗೆ ಮೀನು ಮಾರ್ಕೆಟ್ಟಿಗೆ ಹೋದೆ. ಮನೆಯಲ್ಲಿ ಬಾಣಂತಿ ಇದ್ದಾಳೆಂದ ಕೂಡಲೇ ಮೀನು ಮಾರುವ ಮರಾಠಿ ಮೌಶಿ, "ಬಾಳಂತಿಣೀಸಾಠಿ ಮುಶಿ ಘೇ, ತಾಯಿ," ಎಂದು ತಾಟೆಯ ಬುಟ್ಟಿ ಮುಂದೆ ತಳ್ಳಿದಳು. ಮುಶಿ ಎಂದರೆ ತಾಟೆಯೇ; ಬಾಣಂತಿಗೆ ಅದೇ ಆಗಬೇಕೆಂಬ ನಂಬಿಕೆ ಅವರಲ್ಲೂ ಇದೆ. ಬುಟ್ಟಿಯಲ್ಲಿ ಗೇಣುದ್ದವೂ ಇಲ್ಲದ ಮರಿಗಳು. ಒಂದನ್ನು ಮಗುಚಿ ನೋಡಿದೆ. ಎದೆಯ ರೆಕ್ಕೆಗಳ ನಡುವೆ ಹೊಕ್ಕುಳಿನ ಗಾಯ ಇನ್ನೂ ಮಾಯ್ದಿರಲಿಲ್ಲ. ಈ ಜಾತಿಯ ತಾಟೆ ಮೊಟ್ಟೆ ಇಡುವುದಿಲ್ಲ ಅತ್ತೆ. ನಮ್ಮ ಹಾಗೇ ಹೊಕ್ಕುಳಬಳ್ಳಿಯಿಂದ ಉಣಿಸಿ, ಬೆಳೆಸಿ, ಮರಿ ಹೆರುತ್ತದೆ. ಮನೆಯಲ್ಲಿ ರಶ್ಮಿಯ ಮಗುವಿನ ಬಳ್ಳಿಯೂ ಇನ್ನೂ ಬಿದ್ದಿರಲಿಲ್ಲ. ನನ್ನ ಕೈ ಹಿಂದಕ್ಕೆ ಬಂತು.

ಹಾಗೆಂದು ಬರಿಗೈಯಲ್ಲಿ ಹೋಗುವುದೇ? ತಾಟೆಯಲ್ಲಿ ಬಲ ಉಂಟು ಎನ್ನುತ್ತಿದ್ದಿರಿ. ಆ ಬಲ ಅದಕ್ಕೆ ಎಲ್ಲಿಂದ ಬಂತು? ಪೇಪರ್ ಹಾಸಿದ ನಮ್ಮ ಟೇಬಲ್ಲು ನೆನಪಾಯಿತು. ಜವಳಾ, ಬೊಂಬಿಲ್, ಮಾಂದೇಲಿ ಕೊಂಡೆ. ತಾಟೆ ಉಣ್ಣುವುದನ್ನೇ ನಿಮ್ಮ ಮಗಳಿಗೂ ಬಡಿಸೋಣ ಎಂದು. ಕಾಳುಮೆಣಸು, ಬೆಳ್ಳುಳ್ಳಿ, ಹುರಿದ ಕೊತ್ತಂಬರಿ ನಿಮ್ಮ ಹಾಗೇ ಅರೆದೆ. ಕುದಿ ಬಂತು. ಉಪ್ಪು ಸಾಕೋ, ಇನ್ನೂ ಬೇಕೋ? ಕೇಳೋಣವೆಂದರೆ ನಿಮ್ಮ ಮಗ ಆಗಲೇ ಕೆಲಸಕ್ಕೆ ಲೋಕಲ್ ಟ್ರೇನು ಹಿಡಿದಾಗಿತ್ತು.

ರಶ್ಮಿ ಮೊದಲ ತುತ್ತಿಗೇ, "ಇದು ತಾಟೆ ಅಲ್ಲ," ಎಂದಳು. ಮರಿಗಳ ಹೊಕ್ಕುಳಿನ ಸಂಗತಿ ಹೇಳಿದೆ. ಅವಳು ಮಗುವಿನ ಕಡೆ ನೋಡಿದಳು. ಆಮೇಲೆ ತಟ್ಟೆ ಚಾಚಿದಳು. "ಇನ್ನೊಂಚೂರು ಹಾಕಿ. ಉಪ್ಪು ಮಾತ್ರ ಎಕ್ದಮ್ ಅಮ್ಮನ ಥರಾನೇ ಇದೆ. ನಿಮಗೆ ಹೇಗೆ ಗೊತ್ತಾಯ್ತು?"

ಈಗ ಹಾಲು ಬಂದಿದೆ. ಸಾರಿನಿಂದಲೇ ಬಂತು ಎಂದು ನಾನು ಬರೆಯಲಾರೆ. ನೀವು ಬೇಕಾದರೆ ಹಾಗೆನ್ನಿ, ಜಗಳಕ್ಕೆ ಬರುವುದಿಲ್ಲ. ನಿಮ್ಮ ಮೊಮ್ಮಗಳು ಹೊಟ್ಟೆ ತುಂಬ ಕುಡಿದು ನಿಮ್ಮ ಮಂಚದ ಮೇಲೆ ಮಲಗಿದ್ದಾಳೆ.

ಉಪ್ಪಿನ ವಿಷಯ ರಶ್ಮಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ನೀವು ಮಾಡುತ್ತಿದ್ದ ಹಾಗೇ ಸೌಟಿನಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದೆ, ಅತ್ತೆ. ರುಚಿಯೂ ಗೊತ್ತಾಯಿತು ನಿಮ್ಮ ಸೊಸೆಗೆ. ಬಿಲ್ಡಿಂಗಿಗೆಲ್ಲ ಹೇಳಿಕೊಂಡು ಬರಲು ನೀವೇ ಇಲ್ಲ.