ಸೊಪ್ಪು ಎಂದುಬಿಟ್ಟೆ

೧೪ ಜುಲೈ, ಸೋಮವಾರ

ಸಂಜೆ ಆಡಿದ ಒಂದು ಮಾತು ಇನ್ನೂ ಕೊರೆಯುತ್ತಿದೆ.

ರೂಮಿನಲ್ಲಿ ಗಿಡಕ್ಕೆಂದು ಹಾಕಿದ ಟೆಂಟಿನೊಳಗೆ ಸೆಕೆ ಹೆಚ್ಚಾಗಿ ಕೊತ್ತಂಬರಿ, ಪುದೀನಕ್ಕೆ ಬೂಷ್ಟು ಹಿಡಿಯುತ್ತಿತ್ತು. ಇವತ್ತು ಮೇಲ್ಗಡೆ ಎಕ್ಸಾಸ್ಟ್ ಫ್ಯಾನ್ ಕಟ್ಟಿ, ಕೆಳಗಿನ ಕಿಂಡಿ ತೆರೆದು, ಅದರ ಪೈಪನ್ನು ಕಿಟಕಿಯಿಂದ ಹೊರಗೆ ಬಿಟ್ಟೆ. ಟೆಂಟಿನ ಬಟ್ಟೆ ತುಸು ಒಳಕ್ಕೆ ಸೆಳೆದುಕೊಂಡಿತು. ಗಾಳಿ ಆಡುತ್ತಿದೆ ಎಂದು ಖುಷಿಪಟ್ಟೆ.

ಆಗಲೇ ಓನರ್ ಪಿಳ್ಳಪ್ಪನವರ ಮಗ ಬಾಲರಾಜು ಬಾಗಿಲಿಗೆ ಬಂದ.

“ಏನ್ ಗುರು, ರೂಮಲ್ಲಿ ಏನೋ ಬೆಳೀತಿದ್ದೀಯಂತೆ?”

ನಾಚಿಕೆಯಲ್ಲಿ ಒಂದೇ ಮಾತು ಹೊರಟಿತು. “ಸೊಪ್ಪು ಅಣ್ಣಾ.”

ಅವನು ನನ್ನನ್ನೇ ದಿಟ್ಟಿಸಿದ. “ಪರ್ವಾಗಿಲ್ವೇ ಮಗಾ! ನೋಡಕ್ಕೆ ಪಾಪದೋನ್ ತರ ಇದ್ದೀಯ. ಅಪ್ಪಂಗೆ ಗೊತ್ತಾದ್ರೆ ಇವತ್ತೇ ಖಾಲಿ ಮಾಡಿಸ್ತಾರೆ.”

ಅವನು ಕೆಳಗಿಳಿದ ಮೇಲೆ ಹೊಳೆಯಿತು. ಈ ನಮ್ಮ ಕೆಂಪಾಪುರದ ಹುಡುಗರ ಬಾಯಲ್ಲಿ ಸೊಪ್ಪೆಂದರೆ ಗಾಂಜಾ. ಕನ್ನಡ ಎಂ.ಎ. ಮಾಡಿ ಇಷ್ಟೂ ತಿಳಿಯಲಿಲ್ಲ.

ಕಿಟಕಿಯಿಂದ ಬಗ್ಗಿ ನೋಡಿದೆ. ಬಾಲರಾಜು ಪೈಪಿನ ಕೆಳಗೆ ನಿಂತು ಮೂಸುತ್ತಿದ್ದ. ಅಪ್ಪನಿಗೆ ಹೇಳುವುದಕ್ಕೋ, ಪಾಲು ಕೇಳುವುದಕ್ಕೋ? ಫ್ಯಾನ್ ನಿಲ್ಲಿಸಿದರೆ ಗಿಡಗಳು ಕೊಳೆಯುತ್ತವೆ. ಓಡಿಸಿದರೆ ವಾಸನೆ ಓಡಿಸುತ್ತಿದ್ದಾನೆ ಎಂದುಕೊಳ್ಳುತ್ತಾನೆ.

ನಾಳೆ ಅವನನ್ನೇ ಒಳಗೆ ಕರೆದು ಕೊತ್ತಂಬರಿ ತೋರಿಸಿಬಿಡಬೇಕು. ಆದರೆ “ಬಾ ಅಣ್ಣಾ, ಸೊಪ್ಪು ನೋಡು” ಎಂದು ಕರೆದರೆ, ಅದನ್ನೂ ಅವನು ಸೇದುವುದಕ್ಕೆ ಕರೆದದ್ದೆಂದೇ ತಿಳಿಯುತ್ತಾನೆ.