ನೂರು ಗ್ರಾಮಿಗೆ ಒಂದು ಚುಕ್ಕೆ

ಮನೆ, ಹಿಂದಿನ ಕೋಣೆ
ಹನ್ನೊಂದನೇ ತಾರೀಖು, ಬುಧವಾರ ಬೆಳಿಗ್ಗೆ

ಪ್ರೀತಿಯ ಚೂಟಿಗೆ,

ನಿನ್ನ ಕೆಮ್ಮು ಹೇಗಿದೆ? ಭಾನುವಾರ ಫೋನಿನಲ್ಲಿ ಮೂರು ಸಲ ಕೆಮ್ಮಿದೆ, ನಾಲ್ಕನೆಯದನ್ನು ನುಂಗಿದೆ. ನನ್ನ ಕಿವಿ ಮಂದವಾಗಿದೆ ನಿಜ, ಆದರೆ ಮೊಮ್ಮಗಳ ಕೆಮ್ಮು ಕೇಳಿಸದಷ್ಟು ಮಂದವಾಗಿಲ್ಲ. ದಿನವಿಡೀ ಮನೆ ಮನೆಯ ಬಾಗಿಲು ತಟ್ಟುವ ಕೆಲಸ ನಿನ್ನದು, ಹೊತ್ತಿಗೆ ಸರಿಯಾಗಿ ಊಟ ಮಾಡು. ಮಕ್ಕಳ ಅಪೌಷ್ಟಿಕತೆಯ ಬಗ್ಗೆ ಸಂಶೋಧನೆ ಮಾಡುವವಳೇ ಕಡ್ಡಿಯಾಗಿ ಹೋದರೆ ನೋಡಿದವರು ನಗುತ್ತಾರೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಅಜ್ಜಿಯ ಮಂಡಿನೋವು ಇದ್ದಲ್ಲೇ ಇದೆ, ಬಾಯಿಯೂ ಇದ್ದಲ್ಲೇ ಇದೆ. ನನಗೆ ಹೊಸ ಕನ್ನಡಕ ಬಂದಿದೆ. ಹಾಕಿಕೊಂಡರೆ ರಿಟೈರಾದ ಗೂಬೆಯ ಹಾಗೆ ಕಾಣುತ್ತೇನಂತೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಷ್ಟೇ ಸಾಕೆಂದು ಹೇಳಬೇಕಾದ್ದನ್ನು ನುಂಗಿಬಿಡುತ್ತೇನೆ. ಭಾನುವಾರ ಆದದ್ದೂ ಅದೇ. "ತಾತಾ, ಸಿಕ್ತು! ವಾರ್ಡಲ್ಲಿ ನಿಧಾನಕ್ಕೆ ತೂಕ ಏರಿದ ಮಕ್ಕಳೇ ಜಾಸ್ತಿ ಬದುಕಿದ್ದಾರೆ. ಬೇಗ ಬೇಗ ಏರಿದವರು ಮನೆಗೆ ಹೋದ್ಮೇಲೆ ಉಳೀಲಿಲ್ಲ" ಅಂತ ನೀನು ಕೂಗಿದಾಗ ನಾನು "ಹೌದಾ" ಅಂದೆನಲ್ಲ, ಆ ಹೌದಾ ಆಶ್ಚರ್ಯದ್ದಲ್ಲ, ಭಯದ್ದು. ಮೂವತ್ತು ವರ್ಷದ ಹಿಂದೆ ನಾನು ತೂಕ ಬರೆಯುತ್ತಿದ್ದ ವಾರ್ಡಿನಲ್ಲಿ ಮಲಗಿದ್ದ ಮಕ್ಕಳು ಆಮೇಲೆ ಏನಾದರು ಅಂತ ನೀನು ಹುಡುಕಲು ಹೊರಟಾಗ, ಹಳೆಯ ರಿಜಿಸ್ಟರುಗಳು ತಾತನ ಕೈಯಲ್ಲೇ ಬರೆದವು ಅಂತ ಎಲ್ಲರಿಗೂ ಹೇಳಿಕೊಂಡು ಮೆರೆದೆ. ವರದಿಯ ಮೊದಲ ಪುಟದಲ್ಲಿ ನನಗೆ ಕೃತಜ್ಞತೆ ಬೇರೆ ಬರೆದಿದ್ದೀಯ. ಮೂವತ್ತನೇ ತಾರೀಖು ಅದು ಮೇಲಿನವರ ಕೈ ಸೇರುತ್ತದೆ. ಅದನ್ನು ನಂಬಿ ನಾಳೆ ಯಾವುದೋ ವಾರ್ಡಿನಲ್ಲಿ, ಚೇತರಿಸಿಕೊಂಡು ಹಾಲಿಗಾಗಿ ಅಳುತ್ತಿರುವ ಮಗುವಿನ ಬಟ್ಟಲಿಗೆ ಅರ್ಧ ಹಾಲು ಸುರಿದು, ಸಾಕು, ನಿಧಾನ ಒಳ್ಳೆಯದು ಅನ್ನುತ್ತಾರೆ. ಮೂರು ದಿನದಿಂದ ನನ್ನ ಕಣ್ಣ ಮುಂದೆ ಇರುವುದು ಆ ಬಟ್ಟಲು.

ಆ ವಾರ್ಡಿನ ತೂಕದ ಕೋಣೆ ನಮ್ಮ ಈಗಿನ ಅಡುಗೆಮನೆಗಿಂತ ಚಿಕ್ಕದು. ಸೂರಿನ ಕೊಕ್ಕೆಗೆ ತಕ್ಕಡಿ, ಅದಕ್ಕೆ ಬಟ್ಟೆಯ ಜೋಲಿ, ಮೂಲೆಯಲ್ಲಿ ಮೇಜು, ಮೇಜಿನ ಮೇಲೆ ರಿಜಿಸ್ಟರು. ದಿನಾ ಬೆಳಿಗ್ಗೆ ಮೊದಲು ಎರಡು ಕಿಲೋದ ಕಬ್ಬಿಣದ ಕಲ್ಲು ತೂಗಿ ಮುಳ್ಳು ಸರಿಯಿದೆಯೇ ಅಂತ ನೋಡುತ್ತಿದ್ದೆ, ಆಮೇಲೆ ಒಂದೊಂದೇ ಮಗು. ತಾಯಂದಿರು ನನ್ನನ್ನು ತಕ್ಕಡಿಯಣ್ಣ ಅನ್ನುತ್ತಿದ್ದರು. ಅವರಿಗೆ ಗೊತ್ತಾಗದ್ದು ಒಂದೇ. ಕೈಕಾಲು ಊದಿಕೊಂಡು ಬಂದ ಮಗುವಿನ ತೂಕ ಮೊದಲ ವಾರ ಇಳಿಯುತ್ತದೆ. "ಅಣ್ಣಾ, ಆಸ್ಪತ್ರೆಗೆ ಸೇರ್ಸಿದ್ಮೇಲೂ ಕಡಿಮೆ ಆಯ್ತಲ್ಲ" ಅಂತ ಅಳುತ್ತಿದ್ದರು. ಇಳಿದದ್ದು ನೀರು ಕಣಮ್ಮ, ಮಗು ಅಲ್ಲ ಅಂತ ಸಮಾಧಾನ ಮಾಡುವುದೂ ನನ್ನ ಕೆಲಸವೇ ಆಗಿತ್ತು. ಮೊದಲ ದಿನಗಳಲ್ಲಿ ಹಾಲು ಸ್ವಲ್ಪ ಸ್ವಲ್ಪವೇ ಕೊಡಬೇಕು, ಒಮ್ಮೆಲೇ ತುಂಬಿಸಿದರೆ ಆ ಪುಟ್ಟ ಎದೆ ತಡೆಯದು. ಇದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನಿಧಾನ ಒಳ್ಳೆಯದು ಅನ್ನುವ ಮಾತು ನಿನಗೆ ಅಷ್ಟು ಸುಲಭವಾಗಿ ನಿಜ ಅನ್ನಿಸಿದ್ದು ಅದಕ್ಕೇ ಇರಬೇಕು.

ಹಾಸಿಗೆ ಇದ್ದದ್ದು ಇಪ್ಪತ್ತು. ಹೊರಗೆ ಬೆಂಚಿನ ಮೇಲೆ ಯಾವಾಗಲೂ ನಾಲ್ಕೈದು ಮಕ್ಕಳು ಕಾಯುತ್ತಿದ್ದವು. ಅದಕ್ಕೆ ದೊಡ್ಡ ಡಾಕ್ಟರು ಒಂದು ನಿಯಮ ಮಾಡಿದರು. ಪ್ರತಿ ಮಗುವಿನ ಚೀಟಿಯಲ್ಲಿ ಒಂದು ಕೆಂಪು ಗೆರೆ, ತೂಕ ಆ ಗೆರೆ ಮುಟ್ಟಿದ ದಿನವೇ ಮನೆಗೆ. ಒಳ್ಳೆಯ ಮನುಷ್ಯ, ಮಕ್ಕಳಿಗಾಗಿ ಜೀವ ಬಿಡುತ್ತಿದ್ದವರು. "ಮನುಷ್ಯರು ಸುಳ್ಳು ಹೇಳ್ತಾರೆ, ತಕ್ಕಡಿ ಹೇಳಲ್ಲ" ಅನ್ನುತ್ತಿದ್ದರು. ಆದರೆ ಗೆರೆ ಮುಟ್ಟಿ ಹೋದ ಮಕ್ಕಳಲ್ಲಿ ಕೆಲವು ಎರಡೇ ವಾರದಲ್ಲಿ ಮೊದಲಿಗಿಂತ ಸೊರಗಿ ವಾಪಸು ಬರುತ್ತಿದ್ದವು. ಕೆಲವು ಬರುತ್ತಲೇ ಇರಲಿಲ್ಲ. ಅವುಗಳನ್ನು ಜೋಲಿಯಲ್ಲಿ ಮಲಗಿಸಿ ಎತ್ತಿದ ಕೈ ನನ್ನದು. ಯಾವ ಮಗು ಇನ್ನೂ ಗಟ್ಟಿಯಾಗಿಲ್ಲ ಅಂತ ಮುಳ್ಳಿಗಿಂತ ಮೊದಲು ನನ್ನ ಕೈಗೆ ಗೊತ್ತಾಗುತ್ತಿತ್ತು. ಒಮ್ಮೆ ಡಾಕ್ಟರಿಗೆ ಹೇಳಿಯೂ ನೋಡಿದೆ. ಅವರು ಕಿಟಕಿಯಾಚೆಯ ಬೆಂಚು ತೋರಿಸಿದರು.

ಅವತ್ತಿನಿಂದ ನಾನು ತೂಕ ಕದಿಯತೊಡಗಿದೆ, ಚೂಟಿ. ಅಂಗಡಿಯವನು ಕಡಿಮೆ ತೂಗಿ ಹೆಚ್ಚು ಹೇಳುತ್ತಾನೆ, ನಾನು ಹೆಚ್ಚು ತೂಗಿ ಕಡಿಮೆ ಬರೆದೆ. ಮನೆಗೆ ಹೋದರೆ ಉಳಿಯದು ಅನ್ನಿಸಿದ ಮಗುವಿನ ಲೆಕ್ಕದಲ್ಲಿ ಮೊದಲು ನೂರು ಗ್ರಾಂ ಕಡಿಮೆ, ಆಮೇಲೆ ಇನ್ನೂರು, ಮುನ್ನೂರು. ಗೆರೆ ದೂರ ಹೋಗುತ್ತಿತ್ತು, ಮಗುವಿಗೆ ಒಂದು ವಾರವೋ ಹತ್ತು ದಿನವೋ ಹೆಚ್ಚಿಗೆ ಹಾಸಿಗೆ, ಹೆಚ್ಚಿಗೆ ಹಾಲು ಸಿಗುತ್ತಿತ್ತು. ನಿನ್ನ ನಿಧಾನದ ಮಕ್ಕಳು ಇವರೇ. ಅವರು ನಿಧಾನವಾಗಿ ಏರಿದವರಲ್ಲ, ಚೆನ್ನಾಗಿಯೇ ಏರಿದರು, ನಾನು ಬರೆಯಲಿಲ್ಲ ಅಷ್ಟೇ. ಅವರನ್ನು ಬದುಕಿಸಿದ್ದು ಕಡಿಮೆ ಹಾಲಲ್ಲ, ಹೆಚ್ಚಿನ ದಿನಗಳು. ನಿನ್ನ ಇಡೀ ವರದಿ ತಾತನ ಸುಳ್ಳಿನ ಮೇಲೆ ನಿಂತಿದೆ. ಎರಡು ವರ್ಷದ ನಿನ್ನ ದುಡಿಮೆಯನ್ನು ನೀರಿಗೆ ಹಾಕುತ್ತಿದ್ದೇನೆ ಅಂತ ಗೊತ್ತು.

ಪೂರ್ತಿ ನೀರಿಗಲ್ಲ. ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವಾಗ "ತಾತಾ, ನಿನ್ನ ಪುಟದ ತುಂಬ ನೊಣ ಗಲೀಜು ಮಾಡಿದೆ" ಅಂತ ನಕ್ಕಿದ್ದೆಯಲ್ಲ, ಅದು ನೊಣದ ಕೆಲಸವಲ್ಲ. ಸುಳ್ಳು ಬರೆದಲ್ಲೆಲ್ಲ ಅಂಕಿಯ ಕೆಳಗೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟಿದ್ದೇನೆ. ನೂರು ಗ್ರಾಮಿಗೆ ಒಂದು ಚುಕ್ಕೆ. ಮುಂದಿನ ದಿನ ನನಗೇ ಲೆಕ್ಕ ತಪ್ಪಬಾರದಲ್ಲ, ಕಳ್ಳನಿಗೂ ಒಂದು ಶಿಸ್ತು ಬೇಕು. ಚುಕ್ಕೆ ಎಣಿಸಿ ಕೂಡಿಸಿಕೊಂಡರೆ ನಿಜವಾದ ತೂಕ ಸಿಗುತ್ತದೆ. ಯಾರಾದರೂ ನಂಬದಿದ್ದರೆ ಈ ಕಾಗದವನ್ನು ರಿಜಿಸ್ಟರಿನ ಪಕ್ಕ ಇಟ್ಟು ತೋರಿಸು. ಅಕ್ಷರ ಒಂದೇ ಕೈಯದು ಅಂತ ಕುರುಡನೂ ಹೇಳುತ್ತಾನೆ. ಫೋನು ಬಿಟ್ಟು ಕಾಗದ ಬರೆದದ್ದಕ್ಕೆ ಇದೂ ಒಂದು ಕಾರಣ. ಮೊದಲ ಪುಟದ ಕೃತಜ್ಞತೆಯನ್ನು ಹೊಡೆದುಹಾಕು, ನನಗೇನೂ ಬೇಸರವಿಲ್ಲ. ಸುಳ್ಳು. ಬೇಸರವಿದೆ, ಆದರೂ ಹೊಡೆದುಹಾಕು.

ನಾನು ಒಳ್ಳೆಯದೇ ಮಾಡಿದೆ ಅಂತ ಬೆನ್ನು ತಟ್ಟಬೇಡ. ಒಂದು ಮಗುವಿಗೆ ಕೊಟ್ಟ ವಾರವನ್ನು ಬೆಂಚಿನ ಮೇಲೆ ಕಾಯುತ್ತಿದ್ದ ಇನ್ನೊಂದು ಮಗುವಿನಿಂದ ಕಿತ್ತುಕೊಂಡಿದ್ದೆ. ಆ ಮಕ್ಕಳ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ, ನೀನು ಎಷ್ಟು ಬಾಗಿಲು ತಟ್ಟಿದರೂ ಸಿಗುವುದಿಲ್ಲ. ಡಾಕ್ಟರೂ ಈಗ ಇಲ್ಲ, ಅವರ ಹತ್ತಿರ ಹೇಳಿಕೊಳ್ಳುವ ಹಾಗೂ ಇಲ್ಲ. ನಿನ್ನ ಅಜ್ಜಿಗೆ ಈ ವಿಷಯ ಹೇಳಿದ್ದು ಮೊನ್ನೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಮಗೂಗೆ ಬರೆದ್ಬಿಡಿ. ಗಂಟಲಲ್ಲಿ ಮುಳ್ಳಿಟ್ಕೊಂಡು ಎಷ್ಟು ದಿನ ಅಂತ ತುತ್ತು ನುಂಗ್ತೀರಾ" ಅಂದಳು, ಅವಳೇ ಪೆನ್ನು ತಂದುಕೊಟ್ಟಳು.

ಕೆಮ್ಮಿಗೆ ಬಿಸಿನೀರು ಕುಡಿ. ನಿನ್ನ ಜೊತೆ ಅಲೆಯುವ ಆ ನರ್ಸಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಸಿಟ್ಟು ಬಂದರೆ ಬರಲಿ, ಇಳಿದ ಮೇಲೆ ಫೋನು ಮಾಡು. ನೂರು ಕಾಲ ಸುಖವಾಗಿರು.

ನಿನ್ನ ಪ್ರೀತಿಯ,
ತಾತ

ತಾ.ಕ. ಇದೊಂದು ಮರೆತಿದ್ದೆ ಅಂತ ಬರೆಯಲು ಹೊರಟೆ. ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಎರಡನೇ ರಿಜಿಸ್ಟರಿನ ನಡುವೆ ಹನ್ನೊಂದನೇ ಹಾಸಿಗೆಯ ಹೆಣ್ಣುಮಗು ನೋಡು, ಇಪ್ಪತ್ತೆರಡು ತಿಂಗಳಿನದು. ಸೇರಿದಾಗ ಆರು ಕಿಲೋ, ಕೆಂಪು ಗೆರೆ ಆರು ಕಿಲೋ ಒಂಬೈನೂರು. ಜೋಲಿಯಲ್ಲಿ ಕೂರಿಸಿದರೆ ನನ್ನ ಹೆಬ್ಬೆರಳು ಹಿಡಿದುಕೊಂಡು ಬಿಡುತ್ತಿರಲಿಲ್ಲ. ಇವಳಿಗೂ ಚುಕ್ಕೆ ಇಡಬೇಕು ಅಂತ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದೆ. ಗೆರೆ ಮುಟ್ಟಿದ ದಿನವೇ ತಕ್ಕಡಿ ಪರೀಕ್ಷಿಸುವ ಅಧಿಕಾರಿ ಬಂದು ನನ್ನ ಪಕ್ಕ ನಿಂತಿದ್ದ. ಕೆಲಸ ಹೋಗುತ್ತದೆ ಅಂತ ಹೆದರಿ ಇದ್ದದ್ದನ್ನೇ ಬರೆದೆ. ಅವಳ ತಾಯಿ ಇಟ್ಟಿಗೆ ಹೊರುವವಳು, "ಇನ್ನೊಂದು ವಾರ ಇರ್ಬೋದಾ ಅಣ್ಣಾ" ಅಂತ ಕೇಳಿದಳು. "ತಕ್ಕಡಿ ಹೇಳಿದ್ಮೇಲೆ ಮುಗೀತಮ್ಮ, ನಾನೇನ್ಮಾಡ್ಲಿ" ಅಂದೆ. ಸಂಜೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹೋದಳು, ಮತ್ತೆ ಬರಲಿಲ್ಲ. ನೀನು ಹುಡುಕಿದವರ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಏನಿದೆ ಅಂತ ಮೊದಲು ನೋಡಿ ನನಗೆ ತಿಳಿಸು. ಏನಿದ್ದರೂ ಇದ್ದ ಹಾಗೇ ಹೇಳು ಮಗಳೇ. ತಾತ ಮುದುಕ, ತಡೆಯಲಾರ ಅಂತ ಕಡಿಮೆ ಮಾಡಿ ಹೇಳಬೇಡ.