ನೆತ್ತಿಯ ಮೇಲಿನ ಮೂಗು

ಶಿವಾರಪಟ್ಟಣ

ಕಡಲತೀರದ ಉದ್ಯಾನ ನೋಡಿಕೊಳ್ಳುವ ರಜನಿ ಮೇಡಂ ಅವರಿಗೆ, ಶಿಲ್ಪಿ ಮುನಿಯಲ್ಲಪ್ಪನ ನಮಸ್ಕಾರ.

ನೀವು ಹೇಳಿದ್ದ ಕಲ್ಲಿನ ಡಾಲ್ಫಿನ್ ತಡವಾಗಿದೆ. ತಪ್ಪು ನನ್ನದೇ. ಸಮುದ್ರ ಕಂಡವನಲ್ಲ ನಾನು. ಮತ್ಸ್ಯಾವತಾರ ಕೆತ್ತಿ ಪಳಗಿದ ಕೈ ಅದರ ಮೈತುಂಬ ಮೀನಿನ ಹುರುಪೆ ಕೆತ್ತಿಬಿಟ್ಟಿತು. ಅದು ಮೀನಲ್ಲ, ಮರಿಗೆ ಹಾಲೂಡುವ ಪ್ರಾಣಿ, ಮೈ ನುಣುಪು ಎಂದು ನೀವು ತಿಳಿಸಿದ ಮೇಲೆ ಮಿಷನ್ ಹಿಡಿದು ಎಲ್ಲವನ್ನೂ ಉಜ್ಜಿ ತೆಗೆದೆ. ಆ ಧೂಳಿಗೆ ಸ್ವಲ್ಪ ಕೆಮ್ಮು ಹೆಚ್ಚಾಯಿತು. ಅದಿರಲಿ.

ಈಗ ಮೂಗು ಮೂತಿಯ ಮೇಲಲ್ಲ, ನೆತ್ತಿಯ ಮೇಲಿರಬೇಕು ಎಂದಿದ್ದೀರಿ. ಮಾಡಿಕೊಡುತ್ತೇನೆ. ಆದರೆ ಆಸ್ಪತ್ರೆಯವರು ಮಿಷನ್ ಮುಟ್ಟಬೇಡ ಎಂದಿದ್ದಾರೆ. ಧೂಳು ಏಳದಂತೆ ಕಲ್ಲಿಗೆ ನೀರು ಹಾಕಿಕೊಂಡು ಉಳಿಯಲ್ಲೇ ತೆಗೆಯಬೇಕು. ನನ್ನ ಹೆಂಡತಿ ಗಂಗರತ್ನಮ್ಮ ಪಕ್ಕದಲ್ಲೇ ನಿಂತು, "ಮೊದ್ಲು ಉಸಿರು ತಗೊಳಯ್ಯ, ಆಮೇಲೆ ಸುತ್ತಿಗೆ ತಗೊಳ್ಳುವಂತೆ" ಅಂತ ಬೈಯುತ್ತಾಳೆ. ದಯವಿಟ್ಟು ಸ್ವಲ್ಪ ದಿನ ಫೋನ್ ಮಾಡಬೇಡಿ. ಮಾತಾಡಿದರೆ ದಮ್ಮು ಕಟ್ಟುತ್ತದೆ.

ಸುಸ್ತಾದ ಡಾಲ್ಫಿನ್ ಉಸಿರಾಡಲೆಂದು ಜೊತೆಯವು ಅದನ್ನು ಬೆನ್ನ ಮೇಲೆ ಹೊತ್ತು ನೀರಿನ ಮೇಲಕ್ಕೆ ಎತ್ತುತ್ತವೆ ಎಂದಿದ್ದಿರಿ. ಆಗ ನಾನು ನಂಬಲಿಲ್ಲ. ಈ ಕಾಗದ ಬರೆಯುವಾಗ ಗಂಗರತ್ನಮ್ಮ ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಾಳೆ. ಹಾಗೆ ಒರಗಿಕೊಂಡರೆ ಮಾತ್ರ ಉಸಿರು ಬರುತ್ತದೆ.

ಪೀಠದಲ್ಲಿ ನೀವು ಅಲೆಗಳನ್ನು ಕೇಳಿದ್ದಿರಿ. ಅಲೆ ಬಿಟ್ಟು, ಅಡಿಯಲ್ಲಿ ಇನ್ನೊಂದು ಡಾಲ್ಫಿನ್ನಿನ ಬೆನ್ನು ಕೆತ್ತುತ್ತಿದ್ದೇನೆ. ಅದೊಂದನ್ನು ಮಾತ್ರ ತಿದ್ದಲು ಹೇಳಬೇಡಿ.

ಇಂತಿ,
ಮುನಿಯಲ್ಲಪ್ಪ